ನಳದ ಕೆಲಸಕ್ಕೆ ಕೆಲಸಗಾರನನ್ನು ಗೊತ್ತುಮಾಡುವಾಗ ದಂಪತಿಗಳು ಗಮನಿಸಬೇಕಾದ ಸಂಗತಿಗಳು

ಮನೆಯೊಳಗೆ ನಳ ಬಂದಿತೆಂದರೆ ಗೃಹಿಣಿಯ ಸೊಂಟದ ಮೇಲಿನ ದೊಡ್ಡದೊಂದು ಹೊರೆ ಇಳಿಯಿತೆಂದೇ ತಿಳಿಯಬೇಕು. ಹದಿನೈದು ಲೀಟರು ಹಿಡಿಯುವ ಕೊಡವು ತುಂಬಿದಾಗ 15 ಕಿಲೋಗ್ರಾಮಿಗಿಂತಲೂ ಹೆಚ್ಚು ತೂಗುತ್ತದೆ. ಅಂತಹ ಕೊಡಗಳನ್ನು ದಿನಂಪ್ರತಿ ಹೊರುವುದು ಆರೋಗ್ಯವಂತ ಸ್ತ್ರೀಗೂ ಆಯಾಸದ ಕೆಲಸ. ಗರ್ಭಿಣಿಗೂ ಬಾಣಂತಿಗೂ ಅದು ಸಲ್ಲದು. ಆದ್ದರಿಂದ ಮನೆಗೆ ನಳ ಹಾಕಿಸುವ ಖರ್ಚು ವ್ಯರ್ಥವಾದ ಖರ್ಚಲ್ಲ. ಆದರೆ ಅದೇ ನಳವನ್ನು ತಪ್ಪಾಗಿ ಜೋಡಿಸಿದಲ್ಲಿ ನೀರಿನೊಡನೆ ಕಾಯಿಲೆಯೂ ಮನೆಯನ್ನು ಪ್ರವೇಶಿಸುತ್ತದೆ. ಕಾಯಿಲೆಯಾದಾಗ ನಾವು ಆಹಾರವನ್ನು ದೂರುತ್ತೇವೆ, ಹವೆಯನ್ನು ದೂರುತ್ತೇವೆ. ನೆಲದಡಿಯ ಕೊಳವೆಯ ನೆನಪು ಯಾರಿಗೂ ಬರುವುದಿಲ್ಲ.

ತಿಂಥಣಿಯು ಕೃಷ್ಣಾ ನದಿಯ ದಡದಲ್ಲಿರುವ ಊರು. ಮೌನೇಶ್ವರರ ಕ್ಷೇತ್ರವೆಂದು ಪ್ರಸಿದ್ಧವಾದ ಇಲ್ಲಿಗೆ ಜಾತ್ರೆಯ ಕಾಲದಲ್ಲಿ ದೂರದೂರದಿಂದ ಭಕ್ತರು ಬರುತ್ತಾರೆ. ಮೇಲ್ಗಡೆ ನಾರಾಯಣಪುರದ ಬಸವಸಾಗರ ಜಲಾಶಯವಿದೆ. ಮಳೆಗಾಲದಲ್ಲಿ ಅಲ್ಲಿಂದ ನೀರು ಬಿಟ್ಟಾಗ ಹೊಳೆಯು ಮಣ್ಣುಮಿಶ್ರಿತವಾಗಿ ಹರಿಯುವುದನ್ನು ಈ ಭಾಗದ ಜನರೆಲ್ಲರೂ ಬಲ್ಲರು. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ್ ಮಿಷನ್ ಯೋಜನೆಯು ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಜಾರಿಗೆ ಬಂದಿತು. ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರು ನೀರು ಮನೆಯ ನಳದಲ್ಲಿಯೇ ದೊರೆಯಬೇಕೆಂಬುದು ಅದರ ಗುರಿ. ಯೋಜನೆಯ ಕೊಳವೆಯು ಮನೆಯ ಅಂಗಳದವರೆಗೆ ಬರುತ್ತದೆ. ಅಲ್ಲಿಂದ ಅಡುಗೆಮನೆಗೆ, ಬಚ್ಚಲಿಗೆ, ಶೌಚಾಲಯಕ್ಕೆ, ಮಾಳಿಗೆಯ ಮೇಲಿನ ಟ್ಯಾಂಕಿಗೆ ನೀರನ್ನು ಒಯ್ಯುವ ಕೆಲಸ ಮನೆಯವರದು. ಆ ಕೆಲಸಕ್ಕೆ ಪ್ಲಂಬರನು ಬೇಕು. ತಪ್ಪುಗಳು ಆರಂಭವಾಗುವುದು ಇಲ್ಲಿಂದಲೇ.

2022ರಲ್ಲಿ ರಾಯಚೂರು ನಗರದಲ್ಲಿ, 2023ರ ಫೆಬ್ರುವರಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಅನಪುರ ಗ್ರಾಮದಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣಗಳು ಸಂಭವಿಸಿ ಜೀವಹಾನಿಯೂ ಆದುದನ್ನು ಓದುಗರು ಮರೆತಿರಲಾರರು. ಪ್ರತಿಯೊಂದು ಪ್ರಕರಣದ ಹಿನ್ನೆಲೆ ಬೇರೆ ಬೇರೆ. ನೀರು ಶುದ್ಧೀಕರಣ ಘಟಕದಲ್ಲಿ ಕೆಡಬಹುದು, ಬೀದಿಯ ಕೊಳವೆಯಲ್ಲಿ ಕೆಡಬಹುದು, ಮನೆಯ ಕೊಳವೆಯಲ್ಲಿಯೂ ಕೆಡಬಹುದು. ಮೊದಲಿನ ಎರಡು ಆಡಳಿತದ ಹೊಣೆ. ಮೂರನೆಯದು ಗಂಡಹೆಂಡಿರ ಕೈಯಲ್ಲಿಯೇ ಇದೆ.

ಕೊಳಚೆಯು ಕೊಳವೆಯೊಳಗೆ ಸೇರುವ ಬಗೆ

ಅನೇಕರು ಹೀಗೆ ವಾದಿಸುವುದುಂಟು: “ಕೊಳವೆ ಸೋರಿದರೆ ಒಳಗಿನ ನೀರು ಹೊರಗೆ ಹೋದೀತೇ ಹೊರತು ಹೊರಗಿನ ಕೊಳಚೆ ಒಳಗೆ ಹೇಗೆ ಬಂದೀತು?” ಕೊಳವೆಯಲ್ಲಿ ಇಪ್ಪತ್ನಾಲ್ಕು ತಾಸೂ ನೀರು ಒತ್ತಡದಿಂದ ತುಂಬಿರುತ್ತಿದ್ದರೆ ಈ ಮಾತು ಬಹುಮಟ್ಟಿಗೆ ನಿಜವಾಗುತ್ತಿತ್ತು. ಆದರೆ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ನೀರು ಬಿಡುವುದು ಕೆಲವು ತಾಸು ಮಾತ್ರ. ನೀರು ನಿಂತ ಕೂಡಲೇ ಕೊಳವೆಯಲ್ಲಿ ಉಳಿದ ನೀರು ತಗ್ಗಿನ ಕಡೆಗೆ ಇಳಿಯುತ್ತದೆ. ಇಳಿಯುವಾಗ ಅದು ಹಿಂದಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬ್ಯಾರೆಲಿನಿಂದ ಡೀಸೆಲ್ ತೆಗೆಯಲು ರಬ್ಬರು ನಳಿಕೆಯನ್ನು ಬಾಯಿಯಿಂದ ಎಳೆಯುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಅಂಥದೇ ಸೆಳೆತ ಬರಿದಾಗುತ್ತಿರುವ ಕೊಳವೆಯಲ್ಲಿಯೂ ಉಂಟಾಗುತ್ತದೆ. ಸಡಿಲವಾದ ಕೂಡಿಕೆಯೊಂದು ಚರಂಡಿಯ ನೀರಿನಲ್ಲಿ ಮುಳುಗಿದ್ದರೆ ಕೊಳವೆಯು ಎಳೆದುಕೊಳ್ಳುವುದು ಗಾಳಿಯನ್ನಲ್ಲ, ಚರಂಡಿಯ ನೀರನ್ನು. ಮರುದಿನ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಬರುವುದು ಅದೇ.

ನೇರವಾಗಿ ಬೀದಿಯ ಕೊಳವೆಗೆ ಮೋಟಾರು ಜೋಡಿಸಿ ನೀರೆಳೆಯುವುದರಿಂದ ಈ ಸೆಳೆತ ಅನೇಕ ಪಟ್ಟು ಹೆಚ್ಚುತ್ತದೆ. ಮೋಟಾರಿನ ಮನೆಯವರು ತಮ್ಮ ಮನೆಗೆ ಮಾತ್ರವಲ್ಲ, ಓಣಿಯ ಮನೆಗಳಿಗೆಲ್ಲ ಕೊಳಚೆಯನ್ನು ಆಹ್ವಾನಿಸಿದಂತಾಗುತ್ತದೆ. “ಸಣ್ಣದೊಂದು ಮೋಟಾರು ಕೂಡಿಸಿಕೊಡುತ್ತೇನೆ, ಯಾರಿಗೂ ಗೊತ್ತಾಗದು” ಎಂದು ಆಸೆ ತೋರಿಸುವ ಕೆಲಸಗಾರನಿಗೆ ಕೆಲಸವನ್ನೇ ಕೊಡದಿರುವುದು ಲೇಸು. ಬೇಕಾದಲ್ಲಿ ನೆಲಮಟ್ಟದ ತೊಟ್ಟಿಗೆ ನೀರು ತಾನಾಗಿ ಬಿದ್ದು ತುಂಬಲಿ. ಆ ತೊಟ್ಟಿಯಿಂದ ಮಾಳಿಗೆಗೆ ಮೋಟಾರಿನಿಂದ ಏರಿಸಲು ಯಾವ ಅಡ್ಡಿಯೂ ಇಲ್ಲ.

ಗುಂಡಿಯ ನಳದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಉಚಿತ. ಒತ್ತಡ ಕಡಿಮೆಯಿರುವ ಓಣಿಗಳಲ್ಲಿ ಎರಡು ಮೂರು ಅಡಿ ಗುಂಡಿ ತೋಡಿ ಅದರೊಳಗೆ ನಳವನ್ನು ಇಡುವ ರೂಢಿಯಿದೆ. ನೀರೇನೋ ಹೆಚ್ಚು ಬರುತ್ತದೆ. ಆದರೆ ಚೆಲ್ಲಿದ ನೀರು, ಮಳೆಯ ನೀರು, ಕಾಲಿನ ಕೆಸರು ಎಲ್ಲವೂ ಆ ಗುಂಡಿಯಲ್ಲಿಯೇ ನಿಲ್ಲುತ್ತವೆ. ನಳದ ಬಾಯಿ ಅದರಲ್ಲಿ ಮುಳುಗಿದರೆ ನೀರು ನಿಂತಾಗ ಗುಂಡಿಯ ಕೊಳೆಯೆಲ್ಲವೂ ಕೊಳವೆಯ ಪಾಲಾಗುತ್ತದೆ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗೂ ಅಂಗಳದಲ್ಲಿ ಹೀಗೆ ನಿಂತ ನೀರೇ ಬೇಕು. ಕೊಡದ ಬಾಯಿಗಿಂತ ಎತ್ತರದಲ್ಲಿ, ಕಲ್ಲುಚಪ್ಪಡಿಯ ಕಟ್ಟೆಯ ಮೇಲೆ ನಳ ನಿಲ್ಲಬೇಕು. ಹಾಗೆ ನಿಲ್ಲಿಸಿದಾಗ ನೀರು ಬಾರದೆ ಹೋದರೆ ಅದು ಪ್ಲಂಬರನಿಗೆ ಹೇಳಿ ಗುಂಡಿ ತೋಡಿಸುವ ವಿಷಯವಲ್ಲ. ಗ್ರಾಮ ಪಂಚಾಯಿತಿಗೆ ಬರೆದು ಕೊಡುವ ವಿಷಯ.

ಒಂದು ಸಂಸಾರದ ಉದಾಹರಣೆ

ಹೊಳೆಯ ದಂಡೆಯ ಒಂದು ಹಳ್ಳಿ. ಹತ್ತಿಯ ಹಣ ಕೈಗೆ ಬಂದಿದೆ. ಮನೆಯಲ್ಲಿ ಮದುವೆ ಹದಿನೈದು ದಿನಗಳಿವೆ. ಅಂಗಳದ ನಳವನ್ನು ಅಡುಗೆಮನೆಗೆ ಒಯ್ಯಬೇಕೆಂದು ಯಜಮಾನನು ಸಿಕ್ಕ ಕೆಲಸಗಾರನನ್ನು ಕರೆತಂದು, ಸಾಮಾನು ಸಹಿತ ಇಷ್ಟು ಎಂದು ಮಾತನಾಡಿ, ಮುಕ್ಕಾಲು ಹಣವನ್ನು ಮುಂಗಡ ಕೊಟ್ಟು ಹೊಲಕ್ಕೆ ಹೋಗುತ್ತಾನೆ. ಅಂಗಳದ ಹಾಸುಗಲ್ಲು ಕೀಳುವುದನ್ನು ತಪ್ಪಿಸಲು ಕೆಲಸಗಾರನು ಕೊಳವೆಯನ್ನು ಬಚ್ಚಲಿನ ಗಟಾರದ ಒಳಬದಿಗೇ ಮಲಗಿಸುತ್ತಾನೆ. ಬಾಗಿಲಲ್ಲಿ ನಿಂತ ಗೃಹಿಣಿಗೆ ಅದು ಸರಿಕಾಣುವುದಿಲ್ಲ.

“ಅಣ್ಣಾರ, ಪೈಪ್ ಗಟಾರದಾಗ ಯಾಕ ಹಾಕ್ಲತ್ತೀರಿ?”

“ಏನೂ ಆಗಂಗಿಲ್ರೀ ಅಕ್ಕಾರ, ಪೈಪ್ ಗಟ್ಟಿ ಅದ. ಯಜಮಾನರಿಗಿ ಹೇಳೀನಿ.”

ಯಜಮಾನರಿಗೆ ಹೇಳಿದೆ ಎಂಬ ಒಂದು ಮಾತಿನಿಂದ ಆಕೆಯ ಪ್ರಶ್ನೆ ಅಲ್ಲಿಗೇ ನಿಂತಿತು. ಮದುವೆ ಸಾಂಗವಾಗಿ ಜರುಗಿತು. ಮೊದಲ ಮಳೆಗೆ ಗಟಾರ ಕಟ್ಟಿಕೊಂಡು ತುಂಬಿತು. ಆ ತಿಂಗಳಲ್ಲಿ ಎರಡು ವರ್ಷದ ಮಗುವಿಗೆ ಎರಡು ಸಲ ವಾಂತಿಭೇದಿಯಾಯಿತು. ಅಜ್ಜಿಗೂ ಆಯಿತು. ಎರಡನೆಯ ಸಲ ಮಗುವಿನ ಕಣ್ಣು ಗುಳಿಬಿದ್ದು, ಅಳುವಾಗ ಕಣ್ಣೀರು ಬಾರದಷ್ಟು ನೀರಿನಂಶ ಕಡಿಮೆಯಾಗಿತ್ತು. ಅಂಥ ಮಗುವಿಗೆ ಉಳಿದಿರುವ ಕಾಲ ದಿನಗಳಲ್ಲ, ತಾಸುಗಳು. ಗಟಾರದ ಕೂಡಿಕೆಯನ್ನು ಬಿಚ್ಚಿ ನೋಡಿದಾಗ ಅಂಟು ಅರ್ಧ ಸುತ್ತಿಗೆ ಮಾತ್ರ ಹಿಡಿದಿತ್ತು.

ಈ ಉದಾಹರಣೆಯಲ್ಲಿ ಕೆಲಸಗಾರನದಷ್ಟೇ ತಪ್ಪೆಂದು ತಿಳಿಯಬಾರದು. ಅವನಿಗೆ ದಾರಿಯನ್ನು ಯಾರೂ ಗೊತ್ತುಮಾಡಿ ಕೊಟ್ಟಿರಲಿಲ್ಲ. ಒಟ್ಟು ಮೊತ್ತಕ್ಕೆ ಒಪ್ಪಿಕೊಂಡವನು ಅಗೆತವನ್ನೂ ಸಾಮಾನನ್ನೂ ಉಳಿಸಲು ನೋಡುವುದು ಸ್ವಾಭಾವಿಕ. ನೀರು ತುಂಬುವವಳು, ಕಾಸುವವಳು, ಮಗುವಿಗೆ ಕುಡಿಸುವವಳು ಗೃಹಿಣಿ. ಅವಳ ಅಭಿಪ್ರಾಯವಿಲ್ಲದೆ ನಳದ ಮಾತು ಮುಗಿದುದೇ ಮೊದಲ ತಪ್ಪು.

ಕೆಲಸಗಾರನನ್ನು ಆರಿಸುವುದು

ಗೋಡೆ ಕಟ್ಟುವವನು ಗೋಡೆ ಬಲ್ಲ. ವಿದ್ಯುತ್ತಿನ ಕೆಲಸದವನು ತಂತಿ ಬಲ್ಲ. ಇವರು ನಳವನ್ನೂ ಜೋಡಿಸಿಯಾರು, ನೀರೂ ಬಂದೀತು. ನೀರು ಬರುವುದೊಂದೇ ಪರೀಕ್ಷೆಯಲ್ಲ ಎಂಬುದನ್ನು ಮೇಲೆ ನೋಡಿದೆವು. ಸುರಪುರದಿಂದಲೋ ಲಿಂಗಸೂಗೂರಿನಿಂದಲೋ ಕೆಲಸಗಾರನನ್ನು ಕರೆಸುವ ಮೊದಲು ಊರಿನ ನೀರಗಂಟಿಯನ್ನು ಕೇಳಿರಿ. ಯಾರು ಕೂಡಿಸಿದ ನಳ ಸೋರುತ್ತದೆ, ಯಾರದು ಸೋರುವುದಿಲ್ಲ ಎಂಬುದು ಆತನಿಗೆ ತಿಳಿದಷ್ಟು ಬೇರಾರಿಗೂ ತಿಳಿಯದು. ಬಳಿಕ ಆ ಕೆಲಸಗಾರನು ಕನಿಷ್ಠ ಒಂದು ಮಳೆಗಾಲದ ಹಿಂದೆ ಮಾಡಿದ ಕೆಲಸವನ್ನು ಹೋಗಿ ನೋಡಿರಿ. ನಿನ್ನೆ ಮಾಡಿದ ಕೆಲಸ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ.

ಒಳ್ಳೆಯ ಪ್ಲಂಬರನನ್ನು ಗುರುತಿಸಲು ನನಗೆ ಸರಿಯೆನಿಸುವ ಸುಲಭ ಉಪಾಯ ಮತ್ತೊಂದಿದೆ. ಅವನು ದರ ಹೇಳುವ ಮೊದಲು ಪ್ರಶ್ನೆ ಕೇಳುತ್ತಾನೆಯೇ ಎಂದು ಗಮನಿಸಿರಿ. ನೀರು ಎಷ್ಟು ತಾಸು ಬರುತ್ತದೆ, ಬಚ್ಚಲ ನೀರು ಎತ್ತ ಹೋಗುತ್ತದೆ, ಶೌಚಾಲಯದ ಗುಂಡಿ ಎಲ್ಲಿದೆ, ಬೋರ್‌ವೆಲ್ ಇದೆಯೇ ಎಂದು ಕೇಳುವವನು ಕೆಲಸ ಬಲ್ಲವನು. ಅಂಗಳಕ್ಕೆ ಕಾಲಿಡದೆ ಬಾಗಿಲಿನಿಂದಲೇ ಮೊತ್ತ ಹೇಳುವವನು ಎಷ್ಟೇ ಅಗ್ಗವಾದರೂ ಬೇಡ. ಮದುವೆ, ಗೃಹಪ್ರವೇಶ ಅಥವಾ ಜಾತ್ರೆಗೆ ನಾಲ್ಕು ದಿನ ಇರುವಾಗ ಅವಸರದಿಂದ ಕೆಲಸ ಹಿಡಿಯುವುದೂ ತರವಲ್ಲ. ಆಗ ಒಳ್ಳೆಯವರು ಸಿಗರು, ಸಿಕ್ಕವರು ಪರೀಕ್ಷೆಗೆ ನಿಲ್ಲರು.

ಮಾತು, ಮುಂಗಡ, ಸಾಮಾನು

ಕೂಲಿ ಮಾತ್ರವೋ ಸಾಮಾನು ಸಹಿತವೋ ಎಂಬುದು ಮೊದಲು ಸ್ಪಷ್ಟವಾಗಬೇಕು. ಕೂಲಿ ಬೇರೆ, ಸಾಮಾನು ಬೇರೆ ಮಾಡಿಕೊಂಡು, ಸಾಮಾನನ್ನು ತಾವೇ ಹೋಗಿ ರಸೀತಿ ಪಡೆದು ತರುವುದು ಉತ್ತಮವಾದ ಪದ್ಧತಿ. ನಳದಿಂದ ಅಡುಗೆಮನೆಯವರೆಗಿನ ದೂರವನ್ನು ಹಗ್ಗದಿಂದ ಅಳೆದರೆ ಎಷ್ಟು ಕೊಳವೆ ಬೇಕೆಂಬುದು ಯಾರ ಹಂಗೂ ಇಲ್ಲದೆ ತಿಳಿಯುತ್ತದೆ. ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮನೆಯ ಗೆರೆ ಎಳೆದು, ಕೊಳವೆ ಎಲ್ಲಿ ಹಾಯಬೇಕು, ಎಲ್ಲಿ ಹಾಯಕೂಡದು ಎಂದು ಗುರುತು ಹಾಕಿರಿ. ಅದರ ಕೆಳಗೆ ಒಪ್ಪಿದ ಹಣ, ಮುಗಿಸುವ ದಿನ, ಸೋರಿದರೆ ಬಂದು ಸರಿಪಡಿಸುವ ಅವಧಿ ಇವಿಷ್ಟನ್ನು ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು. ಇದರಲ್ಲಿ ಅಪನಂಬಿಕೆಯ ಮಾತೇನೂ ಇಲ್ಲ. ಬರಹವಿದ್ದಲ್ಲಿ ಜಗಳ ಕಡಿಮೆ.

ಮುಂಗಡವು ಒಟ್ಟು ಕೂಲಿಯ ಮೂರನೆಯ ಒಂದು ಭಾಗವನ್ನು ಮೀರಬಾರದು. ಅಷ್ಟೇ ಹಣ ಕಡೆಗೂ ಉಳಿದಿರಬೇಕು. ಎಂಟು ದಿನ ನೀರು ಬಿಟ್ಟು, ಸೋರಿಕೆ ಇಲ್ಲವೆಂದು ಕಂಡ ಮೇಲೆ ಆ ಉಳಿಕೆಯನ್ನು ತಡಮಾಡದೆ ಕೊಡತಕ್ಕದ್ದು. ದುಡಿದವನ ಹಣವನ್ನು ಸತಾಯಿಸುವ ಮನೆಗೆ ಮುಂದೆ ತುರ್ತಿನಲ್ಲಿ ಯಾರೂ ಬರುವುದಿಲ್ಲ.

ಸಾಮಾನಿನಲ್ಲಿ ಆಗುವ ಮೋಸ ಎಂಥದೆಂದರೆ, ವಿದ್ಯುತ್ ತಂತಿ ಹಾಯಿಸುವ ತೆಳುವಾದ ಕೊಳವೆಯನ್ನೋ ಕೊಳಚೆ ನೀರು ಹೋಗುವ ಕೊಳವೆಯನ್ನೋ ಕುಡಿಯುವ ನೀರಿಗೆ ಹಾಕಿಬಿಡುವುದು. ಹೊರಗಿನಿಂದ ಎಲ್ಲವೂ ಒಂದೇ ತೆರನಾಗಿ ಕಾಣಬಹುದು. ಕೊಳವೆಯ ಮೈಮೇಲೆ ಉದ್ದಕ್ಕೂ ಅಚ್ಚಾದ ಐ.ಎಸ್.ಐ. ಗುರುತನ್ನೂ, ಕುಡಿಯುವ ನೀರಿನ ಉಪಯೋಗಕ್ಕೆಂಬ ವಿವರವನ್ನೂ ಓದಬಲ್ಲವರಿಂದ ಓದಿಸಿ ನೋಡಿರಿ. ಪಿ.ವಿ.ಸಿ. ಕೊಳವೆಗಳಲ್ಲಿ ಸೀಸದ ಬಳಕೆಯನ್ನು ನಿಯಂತ್ರಿಸಲು ಕೇಂದ್ರ ಸರ್ಕಾರವು 2021ರಲ್ಲಿ ನಿಯಮಗಳನ್ನು ಹೊರಡಿಸಿತು. ಸೀಸವು ಸ್ವಲ್ಪ ಸ್ವಲ್ಪವಾಗಿ ಮೈಸೇರಿದರೂ ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಹಾನಿಕರ. ಗುರುತಿಲ್ಲದ ಅಗ್ಗದ ಕೊಳವೆಯನ್ನು ಹಾಗೂ ಯಾವುದೋ ಹಳೆಯ ಜಾಗದಿಂದ ಕಿತ್ತು ತಂದ ಕೊಳವೆಯನ್ನು ಕುಡಿಯುವ ನೀರಿಗೆ ಬಳಸಲೇಕೂಡದು. ಬಿಸಿನೀರಿಗೆ ಸಿ.ಪಿ.ವಿ.ಸಿ. ಎಂಬ ಬೇರೆ ಜಾತಿಯ ಕೊಳವೆಯಿದೆ. ಸಾಮಾನ್ಯ ಪಿ.ವಿ.ಸಿ. ಶಾಖಕ್ಕೆ ಮೆತ್ತಗಾಗುತ್ತದೆ.

ಅಗೆತ ಮುಚ್ಚುವ ಮೊದಲು

ನಮ್ಮ ಭಾಗದ ಎರೆಭೂಮಿಯ ಗುಣವನ್ನು ಒಕ್ಕಲಿಗರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈಸೇರುವಷ್ಟು ಬಿರುಕು ಬಿಡುತ್ತದೆ. ಆ ಎಳೆದಾಟದಲ್ಲಿ ಕೊಳವೆಯ ಕೂಡಿಕೆಗಳು ಕಳಚುತ್ತವೆ. ಆದಕಾರಣ ಎರೆಮಣ್ಣಿನಲ್ಲಿ ಕೊಳವೆಯ ಕೆಳಗೂ ಸುತ್ತಲೂ ಮರಳನ್ನು ಹಾಸಬೇಕು. ಅಗೆತವು ಎರಡು ಅಡಿಯಾದರೂ ಆಳವಿರಬೇಕು. ಬಂಡಿ, ಟ್ರ್ಯಾಕ್ಟರು ಹಾಯುವಲ್ಲಿ ಇನ್ನೂ ಹೆಚ್ಚು. ಕೊಳವೆಯು ಚರಂಡಿಯಿಂದ ಆದಷ್ಟು ದೂರ, ಅದರ ಮಟ್ಟಕ್ಕಿಂತ ಮೇಲೆ ಸಾಗಬೇಕು. ಚರಂಡಿಯನ್ನು ದಾಟಲೇಬೇಕಾದಲ್ಲಿ ಅದರ ಮೇಲಿಂದ, ದಪ್ಪನೆಯ ಮತ್ತೊಂದು ಕೊಳವೆಯ ಒಳಗಿನಿಂದ ದಾಟಿಸಬೇಕು. ದಾಟುವ ಜಾಗದಲ್ಲಿ ಕೂಡಿಕೆ ಇರಕೂಡದು.

ಅಂಟು ಹಾಕಿದ ಕೊಡಲೇ ನೀರು ಬಿಡುವುದು ಸಾಮಾನ್ಯವಾದ ಮತ್ತೊಂದು ತಪ್ಪು. ಅಂಟು ಒಣಗಲು ಡಬ್ಬಿಯ ಮೇಲೆ ಹೇಳಿದಷ್ಟು ಕಾಲ ಬಿಡಬೇಕು. ಬಳಿಕ ಊರಿಗೆ ನೀರು ಬಿಡುವ ಹೊತ್ತಿನಲ್ಲಿ, ಅಗೆತ ತೆರೆದಿರುವಾಗಲೇ, ಎಲ್ಲ ನಳಗಳನ್ನು ಮುಚ್ಚಿ ಒಂದೊಂದು ಕೂಡಿಕೆಯನ್ನೂ ಒಣಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆ ತೇವವಾದರೆ ಕೂಡಿಕೆ ಕೆಟ್ಟಿದೆ. “ಮಣ್ಣು ಹಾಕಿದ ಮೇಲೆ ತಾನೇ ಕೂಡುತ್ತದೆ” ಎಂಬ ಮಾತನ್ನು ನಂಬಬೇಡಿರಿ. ಟ್ಯಾಂಕು ಇದ್ದಲ್ಲಿ ರಾತ್ರಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಳಿಗ್ಗೆ ನಳ ತಿರುವುವ ಮೊದಲು ನೋಡಿದರೆ ಒಳಗಿನ ಸೋರಿಕೆಯೂ ಹೊರಬೀಳುತ್ತದೆ.

ಎರಡು ನೀರು ಬೆರೆಯದಿರಲಿ

ಬೋರ್‌ವೆಲ್ ಇರುವ ಮನೆಗಳಲ್ಲಿ ಅದರ ನೀರನ್ನೂ ಪಂಚಾಯಿತಿಯ ನೀರನ್ನೂ ಒಂದೇ ‘ಟಿ’ ಜೋಡಿಸಿ ಒಂದೇ ನಳಕ್ಕೆ ಬಿಡುವ ಅಭ್ಯಾಸವಿದೆ. ಕೆಲಸಗಾರನಿಗೆ ಇದು ಸುಲಭ, ಮನೆಯವರಿಗೆ ಅಪಾಯ. ನಮ್ಮ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್, ಅಂದರೆ ಪಾಷಾಣದ ಅಂಶ ಕಂಡುಬಂದುದು ಈ ಸೀಮೆಯವರಿಗೆ ತಿಳಿದ ಸಂಗತಿ. ಫ್ಲೋರೈಡಿನ ತೊಂದರೆ ಜಿಲ್ಲೆಯ ಇತರ ಕಡೆಗಳಲ್ಲಿಯೂ ಇದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಮನ್ನೂ ಫ್ಲೋರೈಡ್ 1.5 ಮಿಲಿಗ್ರಾಮನ್ನೂ ಮೀರಕೂಡದು. ಇವೆರಡೂ ಬಣ್ಣದಿಂದ ತಿಳಿಯವು, ರುಚಿಯಿಂದ ತಿಳಿಯವು, ಕುದಿಸಿದರೆ ಹೋಗವು. ಆದುದರಿಂದ ಕುಡಿಯುವ ನೀರಿನ ನಳವೇ ಬೇರೆ, ಬಳಸುವ ನೀರಿನ ನಳವೇ ಬೇರೆ ಎಂದು ಮೊದಲೇ ಕೆಲಸಗಾರನಿಗೆ ಹೇಳಬೇಕು. ಬೋರ್‌ವೆಲ್ ನೀರನ್ನು ಕುಡಿಯಲೇಬೇಕಾದ ಮನೆಯವರು ಗ್ರಾಮ ಪಂಚಾಯಿತಿಯ ಮೂಲಕ ಅದನ್ನು ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಶೌಚಾಲಯದ ಕೊಳವೆಯನ್ನು ಜೋಡಿಸುವವನೂ ಸಾಮಾನ್ಯವಾಗಿ ಇದೇ ಕೆಲಸಗಾರ. ಒಂದೇ ಅಗೆತದಲ್ಲಿ ಎರಡನ್ನೂ ಮಲಗಿಸಿ ಕೂಲಿ ಉಳಿಸಿದೆನೆಂದು ಅವನು ಹೇಳಿದರೆ ಒಪ್ಪಬೇಡಿರಿ. ಮಲದ ಗುಂಡಿಯು ಬಾವಿ, ಬೋರ್‌ವೆಲ್‌ಗಳಿಂದ 15 ಮೀಟರಿನಷ್ಟು, ಅಂದರೆ ಸುಮಾರು 50 ಅಡಿ ದೂರವಿದ್ದರೆ ಕ್ಷೇಮ.

ಯಜಮಾನನು ದೂರದಲ್ಲಿದ್ದಾಗ

ನಮ್ಮ ಜಿಲ್ಲೆಯಿಂದ ದುಡಿಯಲು ಬೆಂಗಳೂರು ಮುಂತಾದೆಡೆಗೆ ಗುಳೆ ಹೋಗುವ ಸಂಸಾರಗಳು ಅನೇಕ. ಗಂಡನು ಅಲ್ಲಿ, ಹೆಂಡತಿ ಮಕ್ಕಳು ಮುದುಕರು ಇಲ್ಲಿ. ಇಂಥ ಮನೆಗಳಲ್ಲಿ ನಳದ ಮಾತು ಫೋನಿನಲ್ಲಿ ಗಂಡನಿಗೂ ಕೆಲಸಗಾರನಿಗೂ ನಡುವೆ ಮುಗಿಯುತ್ತದೆ. ಮನೆಯಲ್ಲಿರುವವಳಿಗೆ ತಿಳಿಯುವುದು ಅಗೆತ ಆರಂಭವಾದಾಗಲೇ. ಇದು ಬದಲಾಗಬೇಕು. ಹಣ ಕಳಿಸುವವನು ಗಂಡನಾದರೂ, ಕೆಲಸ ನೋಡಿ ಉಳಿಕೆ ಕೊಡುವವಳು ಹೆಂಡತಿ ಎಂದು ಕೆಲಸಗಾರನಿಗೆ ಗಂಡನೇ ಮೊದಲು ಹೇಳಿಬಿಡಬೇಕು. ಆಗ ಆಕೆಯ ಪ್ರಶ್ನೆಗೆ “ಯಜಮಾನರಿಗೆ ಹೇಳಿದ್ದೇನೆ” ಎಂಬ ಉತ್ತರ ಬಾರದು. ಒಬ್ಬಳೇ ಮಾತನಾಡಲು ಸಂಕೋಚವಾದರೆ ಅತ್ತೆಯನ್ನೋ ಓಣಿಯ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಳ್ಳಬಹುದು. ಮುಚ್ಚುವ ಮೊದಲು ಅಗೆತದ ಚಿತ್ರವನ್ನು ಫೋನಿನಲ್ಲಿ ತೆಗೆದು ಗಂಡನಿಗೆ ಕಳಿಸುವುದೂ ಇಂದು ಕಷ್ಟವಲ್ಲ.

ಕೆಲಸ ಮುಗಿದ ಮೇಲೆ

ಹೊಸ ಕೊಳವೆಯೊಳಗೆ ಮಣ್ಣು, ಗರಗಸದ ಪುಡಿ, ಅಂಟಿನ ವಾಸನೆ ಇದ್ದೇ ಇರುತ್ತವೆ. ಮೊದಲ ದಿನದ ನೀರನ್ನು ಗಿಡಗಳಿಗೆ ಬಿಡಿರಿ. ಟ್ಯಾಂಕನ್ನು ತಿಕ್ಕಿ ತೊಳೆದು ತುಂಬಿಸಿ, ಪ್ರತಿ 1,000 ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ತಿಳಿಯಾದ ಮೇಲಿನ ನೀರನ್ನು ಮಾತ್ರ ಸುರಿಯಬೇಕು. ಪ್ರತಿಯೊಂದು ನಳವನ್ನೂ ವಾಸನೆ ಬರುವವರೆಗೆ ತಿರುವಿ ಮುಚ್ಚಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು ಬೆಳಿಗ್ಗೆ ಹೊರಚೆಲ್ಲಬೇಕು. ಈ ನೀರನ್ನು ಯಾರೂ ಕುಡಿಯದಂತೆ, ದನಕರುಗಳಿಗೂ ಸಿಗದಂತೆ ನೋಡಿಕೊಳ್ಳಿರಿ. ಇದು ಒಮ್ಮೆ ಮಾಡುವ ಶುದ್ಧಿ. ದಿನನಿತ್ಯದ ಕುಡಿಯುವ ನೀರಿಗೆ ಈ ಪ್ರಮಾಣವಲ್ಲ. ಆ ನೀರನ್ನು ಕುದಿಸಿ ಆರಿಸಬೇಕು, ಇಲ್ಲವೇ ಆರೋಗ್ಯ ಕಾರ್ಯಕರ್ತೆಯರು ಕೊಡುವ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲೆ ಬರೆದಂತೆ ಹಾಕಬೇಕು.

ಎಂದಾದರೂ ನಳದ ನೀರು ನಾರಿದರೆ, ಕಲಕಾಗಿ ಬಂದರೆ, ಅಥವಾ ಒಂದೇ ವಾರದಲ್ಲಿ ಮನೆಯ ಇಬ್ಬರಿಗೆ ಭೇದಿಯಾದರೆ ಆ ನಳವನ್ನು ಅಂದೇ ಮುಚ್ಚಿ ನೀರಗಂಟಿಗೂ ಆಶಾ ಕಾರ್ಯಕರ್ತೆಗೂ ತಿಳಿಸಿರಿ. ಪಕ್ಕದ ಮನೆಯವರನ್ನೂ ವಿಚಾರಿಸಿರಿ. ಅವರ ನೀರೂ ಹಾಗೆಯೇ ಇದ್ದರೆ ದೋಷವು ಬೀದಿಯ ಕೊಳವೆಯಲ್ಲಿರುವ ಸಂಭವ ಹೆಚ್ಚು, ನಿಮ್ಮದು ಮಾತ್ರವಾದರೆ ನಿಮ್ಮ ಅಂಗಳದಲ್ಲಿ. ಭೇದಿಯಾದ ಮಗುವಿಗೆ ಒಂದು ಓ.ಆರ್.ಎಸ್. ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರು ನೀರಿನಲ್ಲಿ ಕರಗಿಸಿ ಚಮಚ ಚಮಚವಾಗಿ ಕುಡಿಸುತ್ತಿರಬೇಕು. ಎದೆಹಾಲನ್ನು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯದೆ ಹೋದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆತನ್ನಿರಿ. ವಾಹನಕ್ಕೆ 108ಕ್ಕೆ ಕರೆ ಮಾಡಬಹುದು. ಬರುವಾಗ ನಳದ ವಿಷಯವನ್ನೂ ವೈದ್ಯರಿಗೆ ಹೇಳಿರಿ.